ಹಳಬರಿಗೆ ಬಹುಮಾನ ಕೊಡಿ, ಮೊದಲೇ ಹೇಳಬೇಡಿ

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ ಬೆಳೆಯುವವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮುಂಗಾರು ಬಿತ್ತನೆ ಮುಗಿದ ಕೆಲವೇ ವಾರಕ್ಕೆ ಒಂದೇ ಥರದ ಫೋಟೊಗಳು ಬರತೊಡಗುತ್ತವೆ. ತೂತು ಬಿದ್ದ ಎಲೆ. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ. ಕೆಳಗೊಂದು ಸಾಲು: "ಅಣ್ಣಾರೆ, ಇದು ಯಾವ ಹುಳ? ಏನು ಹೊಡೀಬೇಕು?"

ಕೇಳುವವರು ಹೆಚ್ಚಾಗಿ ಹೊಸಬರು. ಅಪ್ಪನ ಹೊಲ ಈಗಷ್ಟೇ ಕೈಗೆ ಬಂದವರು, ಊರು ಬಿಟ್ಟು ಹೋಗಿ ವಾಪಸ್ ಬಂದವರು. ಉತ್ತರ ಕೊಡುವವರು ಮಾತ್ರ ಯಾವಾಗಲೂ ಅದೇ ನಾಲ್ಕೈದು ಜನ. ತಲೆ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂಥ ಗೆರೆ ಇದೆಯಾ ನೋಡಿ, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ ಇದೆಯಾ ನೋಡಿ, ಇದ್ದರೆ ಅದು ಫಾಲ್ ಸೈನಿಕ ಹುಳು ಎಂದು ಅವರು ತಾಳ್ಮೆಯಿಂದ ಹೇಳುತ್ತಾರೆ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ಮರುದಿನ ಇನ್ನೊಬ್ಬರು ಅದೇ ಫೋಟೊ ಹಾಕುತ್ತಾರೆ. ಎರಡು ಮೂರು ಹಂಗಾಮು ಕಳೆಯುವಷ್ಟರಲ್ಲಿ ಆ ನಾಲ್ಕೈದು ಜನ ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ.

ಆಗ ಅಡ್ಮಿನ್‌ಗೆ ಒಂದು ಐಡಿಯಾ ಹೊಳೆಯುತ್ತದೆ. ಒಂದು ಉತ್ತರಕ್ಕೆ ಹತ್ತು ಪಾಯಿಂಟ್, ತಿಂಗಳ ಕೊನೆಗೆ ಜಾಸ್ತಿ ಪಾಯಿಂಟ್ ಇದ್ದವರಿಗೆ ಬಹುಮಾನ. ದುಡ್ಡು ಅಂದರೆ ಹೆಣವೂ ಬಾಯಿ ಬಿಡುತ್ತದೆ ಎಂದು ಗಾದೆಯೇ ಇದೆಯಲ್ಲ! ಈ ಗಾದೆ ಕಂಡರೆ ನನಗೆ ಆಗುವುದಿಲ್ಲ. ಹೆಣದ ಕಥೆ ಏನೋ, ಬದುಕಿರುವ ಮನುಷ್ಯರ ಮೇಲೆ ಐವತ್ತು ವರ್ಷದಿಂದ ನಡೆದಿರುವ ಪ್ರಯೋಗಗಳು ಬೇರೆಯೇ ಹೇಳುತ್ತವೆ.

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದ ಒಂದು ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಬಣ್ಣದ ಪೆನ್ನು ಸಿಕ್ಕರೆ ತಾವಾಗಿಯೇ ಚಿತ್ರ ಬಿಡಿಸಲು ಕೂರುವ ಮಕ್ಕಳವು. ಒಂದು ಗುಂಪಿಗೆ, ಚಿತ್ರ ಬರೆದರೆ ಬಂಗಾರದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತೇ ಎತ್ತದೆ ಪೆನ್ನುಗಳನ್ನು ಮತ್ತೆ ಇಟ್ಟು ನೋಡಿದರು. ಮೊದಲ ಗುಂಪಿನ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ.

ಪತ್ರ ಅದೇ, ರಿಬ್ಬನ್ ಅದೇ. ವ್ಯತ್ಯಾಸ ಒಂದೇ, ಮೊದಲೇ ಹೇಳಿದ್ದು. ಬಹುಮಾನ ಮುಂಚೆಯೇ ಗೊತ್ತಿದ್ದರೆ, ಮಾಡುತ್ತಿರುವುದು ಆಟ ಅಲ್ಲ, ಕೂಲಿ ಎಂದು ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ. ಕೂಲಿ ನಿಂತ ಮೇಲೆ ಕೆಲಸವೂ ಇಳಿಯಿತು.

ಇಲ್ಲಿ ಡೋಪಮೈನ್ ಎಂಬ ಮೆದುಳಿನ ರಾಸಾಯನಿಕದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ನನ್ನ ಇಷ್ಟದ ವಿಷಯ, ಸಹಿಸಿಕೊಳ್ಳಿ. ಯೂಟ್ಯೂಬ್ ಭಾಷಣಕಾರರೆಲ್ಲ ಡೋಪಮೈನನ್ನು 'ಖುಷಿಯ ರಸಾಯನ' ಮಾಡಿಬಿಟ್ಟಿದ್ದಾರೆ. ಬ್ಯಾಡ್ಜ್ ಕೊಟ್ಟರೆ ಡೋಪಮೈನ್, ಲೈಕ್ ಬಂದರೆ ಡೋಪಮೈನ್. ಮೆದುಳಿನ ವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮೆದುಳಿನಲ್ಲಿ ಕಂಡದ್ದು ಇದಲ್ಲ. ಅವರು ಕೋತಿಯ ಬಾಯಿಗೆ ಹಣ್ಣಿನ ರಸದ ಹನಿ ಬಿಡುತ್ತಿದ್ದರು. ಅನಿರೀಕ್ಷಿತವಾಗಿ ಹನಿ ಬಿದ್ದಾಗ ಡೋಪಮೈನ್ ಕೋಶಗಳು ಚುರುಕಾದವು. ಆಮೇಲೆ ಪ್ರತಿ ಸಲ ಹನಿಗೆ ಮುಂಚೆ ಒಂದು ಸೂಚನೆ ಕೊಡತೊಡಗಿದರು. ಕೋತಿ ಅದನ್ನು ಕಲಿತ ಮೇಲೆ ಕೋಶಗಳು ಸೂಚನೆಗೆ ಚುರುಕಾದವು. ರಸ ಬಾಯಿಗೆ ಬಿದ್ದಾಗ ಏನೂ ಇಲ್ಲ! ಅದೇ ರಸ, ಅದೇ ಬಾಯಿ, ಅದೇ ರುಚಿ, ಆದರೆ ಕೋಶಗಳು ತೆಪ್ಪಗೆ ಕೂತಿವೆ. ಇನ್ನು ಸೂಚನೆ ಕೊಟ್ಟು ರಸ ಕೊಡದೆ ಬಿಟ್ಟರೆ? ರಸ ಬರಬೇಕಾಗಿದ್ದ ಗಳಿಗೆಗೆ ಸರಿಯಾಗಿ ಕೋಶಗಳ ಚಟುವಟಿಕೆ ಮಾಮೂಲಿಗಿಂತಲೂ ಕೆಳಗಿಳಿಯಿತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೇಗ್ ಇದನ್ನು ಒಂದು ಲೆಕ್ಕವಾಗಿ ಬರೆದರು. ಸಿಕ್ಕಿದ್ದರಲ್ಲಿ ನಿರೀಕ್ಷಿಸಿದ್ದನ್ನು ಕಳೆಯಿರಿ, ಉಳಿದದ್ದೇ ಡೋಪಮೈನ್ ಸಂಕೇತ. ನೂರು ನಿರೀಕ್ಷಿಸಿ ನೂರು ಸಿಕ್ಕರೆ ಉಳಿಯುವುದು ಸೊನ್ನೆ. ಏನೂ ನಿರೀಕ್ಷಿಸದೆ ಹತ್ತು ಸಿಕ್ಕರೆ ಹತ್ತು. ನೂರು ನಿರೀಕ್ಷಿಸಿ ಎಂಬತ್ತು ಸಿಕ್ಕರೆ, ಕೈಯಲ್ಲಿ ಎಂಬತ್ತು ಇದ್ದರೂ ಲೆಕ್ಕ ಇಪ್ಪತ್ತು ಮೈನಸ್. ದೀಪಾವಳಿ ಬೋನಸ್ ಕಡಿಮೆ ಬಂದ ವರ್ಷ ಮನೆಯಲ್ಲಿ ಎಷ್ಟು ಬೇಜಾರಿರುತ್ತದೆ, ನೋಡಿದ್ದೀರಲ್ಲ?

ಕೋತಿಯ ಮೆದುಳಿನಿಂದ ನೇರವಾಗಿ ಗ್ರೂಪ್ ಅಡ್ಮಿನ್‌ಗೆ ನೆಗೆಯುವುದು ತಪ್ಪು. ಜನ ಸಹಾಯ ಮಾಡುವುದಕ್ಕೆ ನೂರೆಂಟು ಕಾರಣ ಇರುತ್ತವೆ. ಆದರೆ ಮನುಷ್ಯರ ಮೇಲೆಯೇ ನಡೆದ ಒಂದು ಪ್ರಯೋಗ ಇದರ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ.

ವಿಕಿಪೀಡಿಯದಲ್ಲಿ ಒಬ್ಬರು ಇನ್ನೊಬ್ಬರ ಪುಟದಲ್ಲಿ 'ಬಾರ್ನ್‌ಸ್ಟಾರ್' ಎಂಬ ಚುಕ್ಕಿ ಅಂಟಿಸಿ ಮೆಚ್ಚುಗೆ ಹೇಳುವ ರೂಢಿ ಇದೆ. ಅದಕ್ಕೆ ಬೆಲೆ ಇಲ್ಲ, ಮಾರುವಂತಿಲ್ಲ, ಅದರಿಂದ ಯಾವ ಅಧಿಕಾರವೂ ಬರುವುದಿಲ್ಲ. ಮೈಕೆಲ್ ರೆಸ್ಟಿವೊ ಮತ್ತು ಆರ್ನೌಟ್ ಫಾನ್ ಡೆ ರೈಟ್ ಅತಿ ಹೆಚ್ಚು ಕೆಲಸ ಮಾಡುವ ಶೇ 1ರಷ್ಟು ಸಂಪಾದಕರಲ್ಲಿ 200 ಜನರನ್ನು ಆರಿಸಿ, ಚೀಟಿ ಎತ್ತಿದಂತೆ 100 ಜನರಿಗೆ ಈ ಚುಕ್ಕಿ ಕೊಟ್ಟರು. ಯಾಕೆ ಬಂತೆಂದು ಪಡೆದವರಿಗೆ ಗೊತ್ತಿಲ್ಲ, ಯಾರೋ ಮೆಚ್ಚಿ ಕೊಟ್ಟರು ಅಂದುಕೊಂಡರು. ಮುಂದಿನ 90 ದಿನದಲ್ಲಿ ಅವರ ಕೆಲಸ, ಚುಕ್ಕಿ ಸಿಗದವರಿಗಿಂತ ಶೇ 60ರಷ್ಟು ಹೆಚ್ಚಾಗಿತ್ತು. 2012ರಲ್ಲಿ ಇದು ಪ್ರಕಟವಾಯಿತು. ಖರ್ಚು? ಸೊನ್ನೆ.

ಈಗ ಅಡ್ಮಿನ್ ಹೇಳುತ್ತಾರೆ, ಹಾಗಿದ್ದರೆ ಚುಕ್ಕಿಯನ್ನೇ ನಿಯಮ ಮಾಡೋಣ, ನೂರು ಉತ್ತರಕ್ಕೆ ಒಂದು ಚುಕ್ಕಿ. ಅಲ್ಲೇ ಎಡವುವುದು. ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳುವ ಸ್ಟ್ಯಾಕ್ ಓವರ್‌ಫ್ಲೋ ತಾಣ 2008ರಲ್ಲಿ ಶುರುವಾದದ್ದೇ ಪಾಯಿಂಟು, ಬ್ಯಾಡ್ಜುಗಳ ಮೇಲೆ. 2013ರಲ್ಲಿ ಜಾನ್ ಕ್ಲೈನ್‌ಬರ್ಗ್ ಮತ್ತು ಸಂಗಡಿಗರು ಅದರ ದತ್ತಾಂಶ ಜಾಲಾಡಿದರು. ಬ್ಯಾಡ್ಜ್ ಹತ್ತಿರವಾದಂತೆ ಅದಕ್ಕೆ ಬೇಕಾದ ಕೆಲಸವನ್ನು ಜನ ಜಾಸ್ತಿ ಮಾಡುತ್ತಿದ್ದರು. ಬ್ಯಾಡ್ಜ್ ಸಿಕ್ಕ ಮೇಲೆ ಕೆಲಸ ಇಳಿಯುತ್ತಿತ್ತು. ಅಂದರೆ ಬ್ಯಾಡ್ಜ್ ಕೆಲಸ ಮಾಡುತ್ತದೆ, ನಿಜ. ಎಣಿಸಿದ ಕೆಲಸ ಮಾತ್ರ, ಎಣಿಸುವಷ್ಟು ದಿನ ಮಾತ್ರ. 2018ರಲ್ಲಿ ಆ ತಾಣದವರೇ ಒಪ್ಪಿಕೊಂಡರು, ನಮ್ಮಲ್ಲಿ ಹೊಸಬರಿಗೆ ಆದರ ಸಿಗುತ್ತಿಲ್ಲ ಎಂದು. ಪಾಯಿಂಟು ಇದ್ದದ್ದು ಉತ್ತರಕ್ಕೆ. ಹೊಸಬನ ಜೊತೆ ಚೆನ್ನಾಗಿ ಮಾತಾಡಿದ್ದಕ್ಕೆ ಯಾರೂ ಪಾಯಿಂಟು ಇಟ್ಟಿರಲಿಲ್ಲ.

ಎಣಿಸುವುದರ ಅಪಾಯಕ್ಕೆ ಎಲ್ಲರೂ ದಿಲ್ಲಿಯ ನಾಗರಹಾವಿನ ಕಥೆ ಹೇಳುತ್ತಾರೆ. ಬ್ರಿಟಿಷರು ಹಾವಿಗೆ ಬಹುಮಾನ ಇಟ್ಟರಂತೆ, ಜನ ಹಾವು ಸಾಕಿದರಂತೆ. ಅದಕ್ಕೆ ಗಟ್ಟಿ ದಾಖಲೆ ಇಲ್ಲ, ದಯವಿಟ್ಟು ಬಿಟ್ಟುಬಿಡಿ. ದಾಖಲೆ ಇರುವುದು ವಿಯೆಟ್ನಾಮಿನ ಹನಾಯ್ ನಗರದ್ದು. ಫ್ರೆಂಚರು ಊರಿಗೆ ಹೊಸ ಚರಂಡಿ ಕಟ್ಟಿಸಿದರು. ಇಲಿಗಳಿಗೆ ಹೆದ್ದಾರಿ ಸಿಕ್ಕಂತಾಯಿತು, ಇಲಿ ಜೊತೆ ಪ್ಲೇಗಿನ ಭಯ. 1902ರಲ್ಲಿ ಒಂದು ಬಾಲ ತಂದರೆ ಇಷ್ಟು ಕಾಸು ಎಂದು ಸಾರಿದರು. ಬಾಲಗಳು ರಾಶಿ ಬಿದ್ದವು. ಸ್ವಲ್ಪ ದಿನಕ್ಕೆ ಬೀದಿಯಲ್ಲಿ ಬಾಲವಿಲ್ಲದ ಇಲಿಗಳು ಓಡಾಡುವುದು ಕಂಡಿತು. ಬಾಲ ಕತ್ತರಿಸಿ ಬಿಟ್ಟರೆ ಅದು ಮರಿ ಹಾಕುತ್ತದೆ, ಮರಿಗೂ ಬಾಲ ಇರುತ್ತದೆ! ಊರಾಚೆ ಇಲಿ ಸಾಕಣೆಯೂ ಶುರುವಾಗಿತ್ತು.

ಉತ್ತರ ಎಣಿಸುವ ಗ್ರೂಪಿನಲ್ಲೂ ಬಾಲಗಳೇ ಬರುತ್ತವೆ. ಫೋಟೊ ಸರಿಯಾಗಿ ನೋಡದೆ ಮೊದಲು ಬರೆದವನಿಗೆ ಪಾಯಿಂಟು. ಎಲ್ಲಿಂದಲೋ ಫಾರ್ವರ್ಡ್ ಮಾಡಿದವನಿಗೂ ಪಾಯಿಂಟು. ಬಹುಮಾನದ ಖರ್ಚು ಕೊಡುವವರು ಔಷಧಿ ಮಾರುವವರಾದರೆ ಮುಗಿಯಿತು, ಉತ್ತರವೆಲ್ಲ ಬಾಟಲಿಯ ಹೆಸರೇ. ಎಲೆ ಮೇಲಿನ ಮೊಟ್ಟೆ ಗುಂಪನ್ನು ಕೈಯಲ್ಲೇ ಹೊಸಕಿ, ಬಿತ್ತಿದ ಮೊದಲ 30 ದಿನದಲ್ಲಿ 9 ಪಾಲು ಮರಳಿಗೆ 1 ಪಾಲು ಸುಣ್ಣ ಬೆರೆಸಿ ಹುಳ ಬಿದ್ದ ಸುಳಿಗೆ ಹಾಕಿ ಎಂಬ ಅಗ್ಗದ ಸಲಹೆಯನ್ನು ಯಾರು ಪ್ರಾಯೋಜಿಸುತ್ತಾರೆ?

ದಾವಣಗೆರೆಯವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಗೊತ್ತಿದೆ, ಗರಡಿ ಮನೆಯಲ್ಲಿ. ಉಸ್ತಾದರು ಎಷ್ಟು ಪಟ್ಟು ಹೇಳಿಕೊಟ್ಟರು ಎಂದು ಯಾರೂ ಬರೆದಿಡುವುದಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಹುಡುಗ ಗೆದ್ದರೆ, ಯಾವ ಗರಡಿಯವನು, ಯಾರ ಶಿಷ್ಯ ಎಂದು ಜನ ಕೇಳುತ್ತಾರೆ. ಉಸ್ತಾದರಿಗೆ ಅಷ್ಟೇ ಸಂಬಳ. ಹೊಸಬ ಗಟ್ಟಿಯಾಗದೆ ಹಳಬನಿಗೆ ಹೆಸರಿಲ್ಲ. ಬಾಲ ಕತ್ತರಿಸಿ ತರುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಇಷ್ಟಕ್ಕೇ ದುಡ್ಡೇ ಕೆಟ್ಟದ್ದು ಎಂದು ಸಾರುವವರೂ ಇದ್ದಾರೆ, ಅದೂ ಅರ್ಧ ಸತ್ಯ. ರಕ್ತಕ್ಕೆ ದುಡ್ಡು ಕೊಟ್ಟರೆ ದಾನದ ಮನಸ್ಸು ಸಾಯುತ್ತದೆ ಎಂದು ರಿಚರ್ಡ್ ಟಿಟ್ಮಸ್ 1970ರಲ್ಲಿ ವಾದಿಸಿದರು. 2008ರ ಸ್ವೀಡನ್ ಪ್ರಯೋಗದಲ್ಲಿ, ದುಡ್ಡು ಕೊಡುತ್ತೇವೆ ಎಂದಾಗ ರಕ್ತ ಕೊಡಲು ಮುಂದೆ ಬಂದ ಹೆಂಗಸರು ಶೇ 52ರಿಂದ 30ಕ್ಕೆ ಇಳಿದರು. ಗಂಡಸರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡನ್ನು ಬೇಕಾದರೆ ಧರ್ಮಕಾರ್ಯಕ್ಕೆ ಕೊಡಬಹುದು ಎಂದ ಕೂಡಲೇ ಹೆಂಗಸರ ಸಂಖ್ಯೆ ಮೊದಲಿನಷ್ಟೇ ಆಯಿತು. ಆದರೆ ನಿಜವಾದ ರಕ್ತದಾನ ಶಿಬಿರಗಳಲ್ಲಿ ಸಣ್ಣ ಉಡುಗೊರೆ ಇಟ್ಟು ನೋಡಿದ ಅಧ್ಯಯನಗಳಲ್ಲಿ ಹೆಚ್ಚಿನ ಕಡೆ ದಾನಿಗಳು ಜಾಸ್ತಿಯೇ ಆದರು. ಗೊಂದಲ ಅಲ್ವಾ? ಯೂರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕೀನಿ 2000ದಲ್ಲಿ ಇಸ್ರೇಲಿನ ಶಾಲಾ ಮಕ್ಕಳಲ್ಲಿ ಇದರ ಒಂದು ಎಳೆ ಹಿಡಿದರು. ಮನೆಮನೆಗೆ ಹೋಗಿ ಚಂದಾ ಎತ್ತುವ ಕೆಲಸ. ಏನೂ ಇಲ್ಲದೆ ಹೋದವರು ಎಲ್ಲರಿಗಿಂತ ಹೆಚ್ಚು ತಂದರು. ಎತ್ತಿದ್ದರ ಶೇ 10ರಷ್ಟು ಕೂಲಿ ಸಿಕ್ಕವರು ಎರಡನೆಯವರು. ಶೇ 1 ಸಿಕ್ಕವರು ಎಲ್ಲರಿಗಿಂತ ಹಿಂದೆ. ಪುಡಿಗಾಸು ಕೊಟ್ಟರೆ ಮರ್ಯಾದೆಯೂ ಹೋಯಿತು, ದುಡ್ಡೂ ಬರಲಿಲ್ಲ. ಗ್ರೂಪಿನ ಹತ್ತು ಪಾಯಿಂಟು ನನ್ನ ಪ್ರಕಾರ ಈ ಶೇ 1ರ ಜಾತಿಗೆ ಸೇರಿದ್ದು.

ಹೊಸಬರ ಕಡೆಯಿಂದಲೂ ನೋಡಬೇಕು. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. ಒಳ್ಳೆ ಮನಸ್ಸಿನಿಂದ ಬಂದ ಹೊಸಬರ ಬರಹವನ್ನೂ ಹಳಬರು ಮತ್ತು ಅವರ ಸ್ವಯಂಚಾಲಿತ ತಂತ್ರಾಂಶಗಳು ಪಟಪಟ ಅಳಿಸುತ್ತಿದ್ದದ್ದೇ ದೊಡ್ಡ ಕಾರಣ ಎಂದು ಆರನ್ ಹಾಫೇಕರ್ ತಂಡ 2013ರಲ್ಲಿ ತೋರಿಸಿತು. ಅದಕ್ಕೆ ಎದುರಾಗಿ, ಯಾನಾ ಗಾಲುಸ್ ಜರ್ಮನ್ ವಿಕಿಪೀಡಿಯದ ಸುಮಾರು 4,000 ಹೊಸಬರಲ್ಲಿ ಕೆಲವರಿಗೆ ಹೆಸರಿಗಷ್ಟೇ ಒಂದು ಪ್ರಶಸ್ತಿ ಕೊಟ್ಟು ನೋಡಿದರು. ಉಳಿದುಕೊಂಡವರು ಶೇ 20ರಷ್ಟು ಹೆಚ್ಚಾದರು. ಹೀಗೆ ಉಳಿದವರೇ ಮುಂದೆ ಉತ್ತರ ಕೊಡುವವರು.

ಕೊನೆಯದಾಗಿ ಮಲಾವಿ ದೇಶದ ಒಂದು ಪ್ರಯೋಗ. ಅದೂ ಮೆಕ್ಕೆಜೋಳದ್ದೇ ನಾಡು. ಗುಂಡಿ ತೋಡಿ ಬಿತ್ತುವ ಹೊಸ ವಿಧಾನವನ್ನು ಊರಿಗೆ ಯಾರು ಕಲಿಸಬೇಕು ಎಂದು ಏರಿಯಲ್ ಬೆನ್‌ಯಿಶಾಯ್ ಮತ್ತು ಮುಷ್ಫಿಕ್ ಮೊಬಾರಕ್ ಪರೀಕ್ಷಿಸಿದರು. ಒಂದು ಕಡೆ ಪ್ರಗತಿಪರ ಮುಂದಾಳು ರೈತ, ಇನ್ನೊಂದು ಕಡೆ ಸಾಮಾನ್ಯ ರೈತರು. ಕೆಲವು ಊರಲ್ಲಿ ಕಲಿಸುವವರಿಗೆ ಏನೂ ಇಲ್ಲ, ಕೆಲವು ಊರಲ್ಲಿ ಸಣ್ಣ ಬಹುಮಾನ. ಆ ಬಹುಮಾನವೂ ಎಷ್ಟು ಸಭೆ ಮಾಡಿದಿರಿ ಎಂದು ಲೆಕ್ಕ ಹಾಕಿ ಅಲ್ಲ, ಅಕ್ಕಪಕ್ಕದವರು ನಿಜವಾಗಿ ಕಲಿತರಾ, ಹೊಲದಲ್ಲಿ ಮಾಡಿದರಾ ಎಂದು ನೋಡಿ. ಇಲ್ಲಿ ಮೊದಲೇ ಹೇಳಿ ಕೊಟ್ಟ ಬಹುಮಾನ ಫಲ ಕೊಟ್ಟಿತು. ಯಾಕೆಂದರೆ ಕೆಲಸ ಭಾರದ್ದು. ತಾನು ಮೊದಲು ಮಾಡಿ ನೋಡಬೇಕು, ಆಮೇಲೆ ಹೊಲದಿಂದ ಹೊಲಕ್ಕೆ ಅಲೆಯಬೇಕು. ಬಹುಮಾನ ಇಲ್ಲದ ಕಡೆ ಸಾಮಾನ್ಯ ರೈತರು ಹೆಚ್ಚು ಕಲಿಸಲಿಲ್ಲ. ಇದ್ದ ಕಡೆ ಅವರು ಮುಂದಾಳುಗಳನ್ನೂ ಮೀರಿಸಿದರು. ತನ್ನಷ್ಟೇ ಜಮೀನು, ತನ್ನಷ್ಟೇ ಕಷ್ಟ ಇರುವವನು ಹೇಳಿದರೆ ಜನ ನಂಬುತ್ತಾರೆ.

ಹಾಗಾಗಿ ನಮ್ಮ ಗ್ರೂಪ್‌ಗಳಲ್ಲಿ ಸದಾ ಇಪ್ಪತ್ತು ವರ್ಷದ ಅನುಭವಿಯನ್ನೇ ಎಳೆದು ತರುವುದು ಬೇಕಿಲ್ಲ. ಹೋದ ವರ್ಷ ಮೊದಲ ಸಲ ಹುಳ ಕಂಡು ಹೆದರಿ, ಹೇಗೋ ಬೆಳೆ ಉಳಿಸಿಕೊಂಡವನನ್ನು ಈ ವರ್ಷ ಮೊದಲು ಮಾತಾಡಿಸಿ. ಅವನು ತಪ್ಪಿದರೆ ತಿದ್ದುವುದಕ್ಕೆ ಹಳಬರು ಹಿಂದೆ ಇರಲಿ, ಅವರಿಗೆ ಹೊರೆಯೂ ಕಡಿಮೆ. ಸುಗ್ಗಿ ಮುಗಿದ ಮೇಲೆ ಹೊಸಬರನ್ನು ಒಂದೇ ಪ್ರಶ್ನೆ ಕೇಳಿ, ನಿಮ್ಮ ಬೆಳೆ ಉಳಿಯುವುದಕ್ಕೆ ಯಾರು ಕಾರಣ ಎಂದು. ಬಂದ ಹೆಸರುಗಳನ್ನು ಗ್ರೂಪಿನಲ್ಲಿ ಓದಿ ಹೇಳಿ, ಬೇಕಾದರೆ ಒಂದು ಶಾಲು ಹೊದೆಸಿ. ಮರು ವರ್ಷ ಕೊಡುತ್ತೀರೋ ಇಲ್ಲವೋ, ಅದನ್ನು ಮಾತ್ರ ಯಾರಿಗೂ ಹೇಳಬೇಡಿ.