ಹೂಳಿನ ಕೆಳಗಿನ ಹಳ್ಳ

"ಧಾರವಾಡದಲ್ಲಿ ಕುಳಿತು ಸಮುದ್ರದ ಪುರಾತತ್ವವೇ?" ಎಂದು ನಗುವವರನ್ನು ಬೇಸಿಗೆಯಲ್ಲಿ ಕೆಲಗೇರಿ ಕೆರೆಗೆ ಕರೆದೊಯ್ಯುತ್ತೇನೆ. ನೀರು ಇಳಿದ ಅಂಗಳ ಬಿರುಕು ಬಿಟ್ಟು ಸಪಾಟಾಗಿರುತ್ತದೆ. ಒಡ್ಡು ಹಾಕುವ ಮೊದಲು ನೀರು ಹರಿಯುತ್ತಿದ್ದ ಜಾಡು ಎಲ್ಲಿತ್ತು, ತೋರಿಸಿ ಎನ್ನುತ್ತೇನೆ. ಯಾರಿಗೂ ಆಗುವುದಿಲ್ಲ. ಅಂಥ ಜಾಡನ್ನು ಕಡಲತಳದ ಹೂಳಿನ ಕೆಳಗೆ ಹುಡುಕುವುದೇ ನಮ್ಮ ಕೆಲಸ, ಕೆರೆ ಮಾತ್ರ ಕೊಂಚ ದೊಡ್ಡದು.

ಸುಮಾರು 20,000 ವರ್ಷಗಳ ಹಿಂದೆ ಸಮುದ್ರದ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಕಾಳಿ ನದಿ ಕಾರವಾರವನ್ನು ದಾಟಿ ಇನ್ನೂ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ಹರಿಯಬೇಕಿತ್ತು. ದ್ವಾರಕೆಯ ಸುದ್ದಿ ಓದಿದವರು, ಈಗ ಮುಳುಗಿರುವ ಆ ನೆಲದಲ್ಲಿ ಗೋಡೆ, ಗೋಪುರ ಇವೆಯೇ ಎಂದು ಕೇಳುತ್ತಾರೆ. ಆ ಕಾಲದವರು ಬೇಟೆಗಾರರು, ಗೋಪುರ ಕಟ್ಟಿದವರಲ್ಲ. ಮಲಪ್ರಭೆಯ ಕೊಳ್ಳದಲ್ಲಿ ತಿರುಗಿದವರಿಗೆ ಇದು ಗೊತ್ತು: ಮೊದಲು ಹಳೆಯ ನದಿಯ ಜಲ್ಲಿಪದರ ಸಿಗಬೇಕು, ಕಲ್ಲಿನ ಕೈಗೊಡಲಿ ಆಮೇಲೆ.

ಕಡಲಲ್ಲಿ ಆ ಪದರವನ್ನು ಶಬ್ದದಿಂದ ಹುಡುಕುತ್ತೇವೆ. ಎತ್ತರದ ಕಂಪನದ ಶಬ್ದ ತಳದ ಮೇಲ್ಮೈಯನ್ನು ಚೊಕ್ಕವಾಗಿ ತೋರಿಸುತ್ತದೆ, ಕೆಸರಿನೊಳಗೆ ಇಳಿಯುವುದಿಲ್ಲ. ತಗ್ಗು ಕಂಪನದ್ದು ಇಳಿಯುತ್ತದೆ, ಆದರೆ ಚಿತ್ರ ಮಬ್ಬು. ಆ ಮಬ್ಬಿನಲ್ಲಿ ಬಟ್ಟಲಿನಾಕಾರದ ಗೆರೆ ಕಂಡರೆ ಹೂತುಹೋದ ನದಿ ಎಂದು ಅನುಮಾನಿಸಿ ಅಲ್ಲಿ ಕೊಳವೆ ಇಳಿಸುತ್ತೇವೆ. ಉದ್ದಕ್ಕೆ ಸೀಳಿದ ಕೊಳವೆಯಲ್ಲಿ ಮೇಲೆ ಚಿಪ್ಪುಗಳಿರುವ ಬೂದು ಜೇಡಿ, ಕೆಳಗೆ ನಮ್ಮ ಎರೆಮಣ್ಣಿಗಿಂತ ಕಪ್ಪಾದ, ಕೊಳೆತ ಎಲೆಯ ವಾಸನೆಯ ಮಣ್ಣು ಸಿಕ್ಕರೆ ಆ ದಿನ ಊಟ ಮರೆಯುತ್ತದೆ. ಎರಡರ ನಡುವಿನ ಗೆರೆಯಲ್ಲಿಯೇ ಕಡಲು ಒಳನುಗ್ಗಿದ್ದು. ಕೆಳಗಿನ ಮಣ್ಣಿನ ಪರಾಗ ಆಗ ಯಾವ ಗಿಡಗಳಿದ್ದವೆಂದು ಹೇಳುತ್ತದೆ.

1931ರಲ್ಲಿ ಇಂಗ್ಲೆಂಡಿನ ಪೂರ್ವದ ಸಮುದ್ರದಲ್ಲಿ ಮೀನುಹಡಗೊಂದರ ಬಲೆಗೆ ಇಂಥದೇ ಕಪ್ಪು ಮಣ್ಣಿನ ಹೆಂಟೆ ಬಿತ್ತು. ಒಡೆದರೆ ಒಳಗೆ ಜಿಂಕೆಯ ಕೊಂಬಿನಿಂದ ಕೆತ್ತಿದ ಈಟಿಯ ಮೊನೆ. ಮುಳುಗಿದ ಆ ನಾಡನ್ನು ಇಂದು ಡಾಗರ್‌ಲ್ಯಾಂಡ್ ಎನ್ನುತ್ತಾರೆ. ಅದರ ನದಿಗಳ ನಕ್ಷೆ ಬಂದದ್ದು ಬಹುಪಾಲು ತೈಲ ಹುಡುಕುವವರ ದತ್ತಾಂಶದಿಂದ.

ಸಿಕ್ಕಿದ್ದನ್ನೆಲ್ಲ ಮೇಲೆತ್ತುವ ಆಸೆ ನನಗೂ ಇತ್ತು. ಒಮ್ಮೆ ಅಂಥ ಕೆಸರಿನಿಂದ ಬಂದ ಬೆರಳುದ್ದದ ಕಟ್ಟಿಗೆಯನ್ನು ರಾತ್ರಿ ಫ್ಯಾನಿನ ಕೆಳಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮುರುಟಿ ಮೂರು ಸೀಳಾಗಿತ್ತು. ಗಾಳಿ ತಾಗದ ಕೆಸರೇ ಅದನ್ನು ಸಾವಿರಾರು ವರ್ಷ ಕಾಪಾಡಿತ್ತು. ನೀರಿನಡಿಯ ಪರಂಪರೆಯನ್ನು ಕಾಪಾಡಲು ಮಾಡಿದ ಯುನೆಸ್ಕೋದ 2001ರ ಒಡಂಬಡಿಕೆಯೂ, ಇದ್ದಲ್ಲಿಯೇ ಉಳಿಸುವುದನ್ನು ಮೊದಲು ಯೋಚಿಸಿ ಎನ್ನುತ್ತದೆ.

ಹಾಗಾಗಿ ಇಂಥ ನೆಲೆಗಳ ನಿರ್ವಹಣೆ ಎಂದರೆ ನೀರಿಗೆ ಇಳಿಯುವುದಕ್ಕಿಂತ ಪತ್ರ ಬರೆಯುವುದೇ ಹೆಚ್ಚು. ಬಂದರಿನ ಹೂಳೆತ್ತುವವರಿಗೆ, ಕೇಬಲ್ ಹಾಸುವವರಿಗೆ ನನ್ನ ಬೇಡಿಕೆ ಚಿಕ್ಕದು: ಅಡಿಪಾಯ ಪರೀಕ್ಷೆಗೆ ತೆಗೆದ ಮಣ್ಣಿನ ಕೊಳವೆಗಳನ್ನು ಎಸೆಯುವ ಮುನ್ನ ಒಂದು ಫೋನ್ ಮಾಡಿ. ಲಾರಿ ನಾನೇ ಕಳಿಸುತ್ತೇನೆ.