ಮಗುವಿನ ಕಿವಿಗೆ ಏನಾದರೂ ಹೋದರೆ: ಮೊದಲ ಪ್ರಯತ್ನ ಯಾರದಾಗಿರಬೇಕು?

ಕಿವಿಗೆ ಏನನ್ನೋ ಹಾಕಿಕೊಂಡ ಪುಟ್ಟ ಮಗುವನ್ನು ಎತ್ತಿಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿಬರುವ ಹೆತ್ತವರಿಗೆ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಒಳಗೆ ಹೋಗಿರುವುದು ಬಟನ್ ಸೆಲ್, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ, ಆಗಿರುವ ಸಾಧ್ಯತೆ ಇದೆಯೇ? ಇಲ್ಲಿಗೆ ಬರುವ ಮುನ್ನ ಯಾರಾದರೂ ಅದನ್ನು ತೆಗೆಯಲು ನೋಡಿದರೇ? ಮೊದಲನೆಯದಕ್ಕೆ ಹೆಚ್ಚಿನ ಸಲ ‘ಇಲ್ಲ’ ಎಂಬ ಉತ್ತರ ತಟ್ಟನೆ ಬರುತ್ತದೆ. ಎರಡನೆಯದಕ್ಕೆ ಉತ್ತರ ತಡವಾಗುತ್ತದೆ. ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಅಜ್ಜಿಯ ಕಡೆ ತಿರುಗುತ್ತಾರೆ. ಕಿವಿ, ಮೂಗು, ಗಂಟಲಿನ ವೈದ್ಯನಾಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೊಂದಿದೆ. ಮಣಿ, ಕಾಳು, ರಬ್ಬರಿನ ಚೂರು ಮುಂತಾದವು ತಾವಾಗಿಯೇ ಕಿವಿಗೆ ಮಾಡುವ ಹಾನಿ ಅಲ್ಪ. ಅವನ್ನು ಹೊರತೆಗೆಯಲೇಬೇಕೆಂದು ಹಟ ತೊಟ್ಟ ಕೈಗಳು ಮಾಡುವ ಹಾನಿ ಅದಕ್ಕಿಂತ ಬಹಳ ಹೆಚ್ಚು.

ಕಳೆದ ಮಳೆಗಾಲದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ರಾತ್ರಿ ಎಂಟೂವರೆಯ ಹೊತ್ತಿಗೆ ಕರೆತಂದರು. ಮಧ್ಯಾಹ್ನ ಆಡುತ್ತಿದ್ದಾಗ ಕೊರಳಿನ ಮಣಿಸರ ಹರಿದಿತ್ತು; ಸಂಜೆ ನಾಲ್ಕರ ಸುಮಾರಿಗೆ ಅವಳು ತಾನಾಗಿಯೇ ಬಂದು ‘ಅಮ್ಮಾ, ಕಿವೀಲಿ ಮಣಿ ಹೋಯ್ತು’ ಎಂದಿದ್ದಳು. ತಾಯಿ ಮೊಬೈಲಿನ ಟಾರ್ಚ್ ಬಿಟ್ಟು ನೋಡಿದಾಗ ಹಳದಿ ಮಣಿ ಬಲಗಿವಿಯ ಬಾಯಲ್ಲೇ ಹೊಳೆಯುತ್ತಿತ್ತಂತೆ. ಕಣ್ಣಿಗೆ ಕಾಣುತ್ತಿದೆಯಲ್ಲ ಎಂದು ಅವರು ಕೂದಲಿನ ಪಿನ್ನಿನ ಮೊಂಡು ತುದಿಯಿಂದ ಮೀಟಿದರು. ಮಣಿ ಒಳಕ್ಕೆ ಸರಿಯಿತು. ಜಾರಿ ಹೊರಬರಲಿ ಎಂದು ಅಜ್ಜಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟರು. ಆಮೇಲೆ ಹತ್ತಿರದ ಕ್ಲಿನಿಕ್ಕಿನಲ್ಲಿ ಇಬ್ಬರು ಮಗುವನ್ನು ಅದುಮಿ ಹಿಡಿದು ಚಿಮುಟ ಹಾಕಿದರು. ಚಿಮುಟ ಜಾರಿದ ಮೇಲೆ ಸಿರಿಂಜಿನಿಂದ ನೀರು ಹಾಯಿಸಿದರು. ನೀರಿನೊಂದಿಗೆ ರಕ್ತ ಬಂದಾಗ ನಿಲ್ಲಿಸಿ ನಮ್ಮ ಕಡೆಗೆ ಕಳುಹಿಸಿದರು. ನಾನು ಬಾಗಿಲಲ್ಲಿ ಕಾಣಿಸಿಕೊಂಡ ಕ್ಷಣವೇ ಆ ಮಗು ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿತು. ಹೇಗೋ ಸಮಾಧಾನಪಡಿಸಿ ಓಟೋಸ್ಕೋಪಿನಿಂದ ಇಣುಕಿ ನೋಡಿದರೆ ಊದಿಕೊಂಡ ಚರ್ಮ, ಹೆಪ್ಪುಗಟ್ಟಿದ ರಕ್ತ, ಅದರ ಹಿಂದೆ ಬಹಳ ಆಳದಲ್ಲಿ ಹಳದಿ ಬಣ್ಣದ ಒಂದು ಚುಕ್ಕೆ.

ಅವರಲ್ಲಿ ಯಾರನ್ನೂ ದೂರುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಪ್ರತಿಯೊಬ್ಬರೂ ಮಗುವಿನ ಒಳಿತಿಗಾಗಿಯೇ ಕೈ ಹಾಕಿದ್ದರು. ಕಿವಿಯ ಒಳರಚನೆ ಹೇಗಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹೊರಗಿನಿಂದ ಕಿವಿತಮಟೆಯವರೆಗಿನ ನಾಳ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿರುತ್ತದೆ. ಮಕ್ಕಳಲ್ಲಿ ಅದಕ್ಕಿಂತ ಗಿಡ್ಡ, ಅದಕ್ಕಿಂತ ಕಿರಿದು. ಅದು ನೇರವಾದ ಕೊಳವೆಯೂ ಅಲ್ಲ, ಸ್ವಲ್ಪ ಬಳುಕಿಕೊಂಡಿರುತ್ತದೆ. ಹೊರಭಾಗದ ಗೋಡೆ ಮೃದ್ವಸ್ಥಿಯದು. ಅಲ್ಲಿ ಚರ್ಮ ದಪ್ಪ, ರೋಮಗಳಿವೆ, ಗುಗ್ಗೆ ಉತ್ಪತ್ತಿಯಾಗುವುದೂ ಅಲ್ಲಿಯೇ. ಒಳಭಾಗದ ಗೋಡೆ ಗಟ್ಟಿ ಎಲುಬು. ಅದರ ಮೇಲಿನ ಚರ್ಮ ಎಷ್ಟು ತೆಳುವೆಂದರೆ ಅಡಿಯಲ್ಲಿ ಕೊಬ್ಬಿನ ಪದರವೇ ಇಲ್ಲದೆ ನೇರವಾಗಿ ಎಲುಬಿಗೆ ಅಂಟಿಕೊಂಡಿರುತ್ತದೆ, ಮೆಲ್ಲಗೆ ತಾಗಿದರೂ ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ, ಗೀರಿದರೆ ತಕ್ಷಣ ರಕ್ತ ಒಸರುತ್ತದೆ. ಈ ಎರಡು ಭಾಗಗಳು ಕೂಡುವಲ್ಲಿ ನಾಳ ಸೊಂಟದಂತೆ ಕಿರಿದಾಗುತ್ತದೆ. ಮಕ್ಕಳು ತಾವೇ ಹಾಕಿಕೊಂಡ ವಸ್ತುಗಳು ಬಹಳಷ್ಟು ಸಲ ಈ ಸೊಂಟದ ಹೊರಗೇ ತಂಗುತ್ತವೆ, ಅಲ್ಲಿರುವ ತನಕ ತೆಗೆಯುವುದು ಸುಲಭ. ಮೀಟುವ ಭರದಲ್ಲಿ ಸೊಂಟ ದಾಟಿ ಒಳಗೆ ಬಿತ್ತೆಂದರೆ ಅದು ತಮಟೆಯ ಪಕ್ಕದಲ್ಲಿ, ನೋವು ತಡೆಯದ ಚರ್ಮದ ನಡುವೆ ಸಿಕ್ಕಿಕೊಳ್ಳುತ್ತದೆ. ತಮಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ. ಅದರ ಹಿಂದೆಯೇ ಶ್ರವಣದ ಮೂರು ಪುಟ್ಟ ಎಲುಬುಗಳಿವೆ.

ಚಿಮುಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಗದದ ಉಂಡೆ, ಹತ್ತಿ, ಸ್ಪಂಜು ಇಂಥವಕ್ಕೆ ಅಂಚು ಸಿಗುತ್ತದೆ, ಚಿಮುಟ ಕಚ್ಚಿ ಹಿಡಿಯುತ್ತದೆ. ನುಣುಪಾದ ಗುಂಡು ಮಣಿಯ ಮೇಲೆ ಅದೇ ಚಿಮುಟದ ಎರಡು ದವಡೆಗಳು ಜಾರುತ್ತವೆ, ಜಾರಿದ ಪ್ರತಿ ಸಲವೂ ಮಣಿಯನ್ನು ಇನ್ನಷ್ಟು ಒಳಕ್ಕೆ ದಬ್ಬುತ್ತವೆ. ಮಣಿಗೆ ಬೇಕಾದದ್ದು ತುದಿ ಬಾಗಿದ ಸಣ್ಣ ಕೊಕ್ಕೆ. ಅದನ್ನು ಮಣಿಯ ಪಕ್ಕದ ಸಂದಿನಲ್ಲಿ ಚಪ್ಪಟೆಯಾಗಿ ತೂರಿಸಿ, ಹಿಂಬದಿಗೆ ತಲುಪಿದ ಮೇಲೆ ತಿರುಗಿಸಿ, ಹಿಂದಿನಿಂದ ಹೊರಕ್ಕೆ ಉರುಳಿಸಿಕೊಂಡು ಬರಬೇಕು. ಇದಕ್ಕೆ ಒಳ್ಳೆಯ ಬೆಳಕು ಬೇಕು, ಸೂಕ್ಷ್ಮದರ್ಶಕವಿದ್ದರೆ ಇನ್ನೂ ಒಳ್ಳೆಯದು, ಎಲ್ಲಕ್ಕಿಂತ ಮುಖ್ಯವಾಗಿ ಮಗು ಅರೆ ನಿಮಿಷ ಅಲುಗಾಡದೆ ಇರಬೇಕು.

ಆ ಅರೆ ನಿಮಿಷವನ್ನು ಮಗು ಕೊಡುವುದು ಸಾಮಾನ್ಯವಾಗಿ ಒಂದೇ ಸಲ. ಇನ್ನೂ ಯಾರೂ ನೋಯಿಸದ ಮೂರು ವರ್ಷದ ಮಗು ತಾಯಿಯ ತೊಡೆಯ ಮೇಲೆ, ತಲೆಯನ್ನು ಅವಳ ಎದೆಗೊರಗಿಸಿಕೊಂಡು, ಓಟೋಸ್ಕೋಪಿನ ದೀಪವನ್ನು ತಾನೇ ಮುಟ್ಟಿ ನೋಡಿದ ಮೇಲೆ, ಕಿವಿಯನ್ನು ಮೆಲ್ಲಗೆ ಹಿಂದಕ್ಕೂ ಕೆಳಕ್ಕೂ ಎಳೆದು ನೋಡಲು ಬಿಡುತ್ತದೆ. ಒಮ್ಮೆ ನೋವು ಉಂಡ ಮಗು ಬಿಡುವುದಿಲ್ಲ, ಅದರ ಭಯವನ್ನು ತಪ್ಪೆನ್ನಲೂ ಆಗದು. ಆದ್ದರಿಂದಲೇ ಕ್ಯಾಷುವಾಲಿಟಿಯಲ್ಲಿ ರಾತ್ರಿ ಪಾಳಿ ಮಾಡುವ ಕಿರಿಯ ವೈದ್ಯರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ: ಸರಿಯಾದ ಉಪಕರಣ ಕೈಯಲ್ಲಿಲ್ಲದಿದ್ದರೆ ಶುರು ಮಾಡಬೇಡಿ, ಒಂದು ಪ್ರಯತ್ನ ಸೋತರೆ ಎರಡನೆಯದಕ್ಕೆ ಮುನ್ನ ಯೋಚಿಸಿ, ಮೂರನೆಯದು ಬೇಡವೇ ಬೇಡ. ನೋವಿಲ್ಲದ, ರಕ್ತ ಬಾರದ, ಆರಾಮಾಗಿ ಆಡಿಕೊಂಡಿರುವ ಮಗುವಿನ ಕಿವಿಯಲ್ಲಿ ಪ್ಲಾಸ್ಟಿಕ್ ಮಣಿಯೊಂದಿದೆ ಎಂಬುದು ಖಚಿತವಾಗಿದ್ದರೆ ಮರುದಿನ ಬೆಳಿಗ್ಗೆ ಇ.ಎನ್.ಟಿ. ಹೊರರೋಗಿ ವಿಭಾಗಕ್ಕೆ ಬರಲು ಹೇಳಿ ಕಳುಹಿಸುವುದರಿಂದ ಏನೂ ಕೆಡುವುದಿಲ್ಲ.

ಆದರೆ ಬಟನ್ ಸೆಲ್ಲಿಗೆ ಈ ಮಾತು ಅನ್ವಯಿಸುವುದೇ ಇಲ್ಲ, ಅದಕ್ಕೇ ನನ್ನ ಮೊದಲ ಪ್ರಶ್ನೆ ಅದರ ಬಗ್ಗೆ. ಆಟಿಕೆ, ಲೇಸರ್ ಲೈಟು, ಕೈಗಡಿಯಾರಗಳಲ್ಲಿ ಇರುವ ಈ ಸೆಲ್ಲುಗಳಲ್ಲಿ ಚಿಕ್ಕವು ಎಂಟು ಮಿಲಿಮೀಟರಿಗಿಂತ ಕಡಿಮೆ ಅಗಲದವು; ಅಜ್ಜ-ಅಜ್ಜಿಯರ ಶ್ರವಣಯಂತ್ರದ ಅತಿ ಚಿಕ್ಕ ಸೆಲ್ಲಿನ ಅಗಲ 5.8 ಮಿಲಿಮೀಟರ್ ಮಾತ್ರ. ಕಿವಿಯೊಳಗಿನ ತೇವದ ಮೂಲಕ ಸೆಲ್ಲಿನ ಎರಡು ತುದಿಗಳ ನಡುವೆ ವಿದ್ಯುತ್ ಹರಿಯತೊಡಗುತ್ತದೆ, ಋಣ ತುದಿಯ ಬಳಿ ನೀರು ವಿಭಜನೆಯಾಗಿ ತೀಕ್ಷ್ಣವಾದ ಕ್ಷಾರ ಉತ್ಪತ್ತಿಯಾಗುತ್ತದೆ. ಆ ಕ್ಷಾರ ಚರ್ಮವನ್ನು ಕರಗಿಸುತ್ತಾ ಆಳಕ್ಕಿಳಿಯುತ್ತದೆ; ಕೆಲವೇ ಗಂಟೆಗಳಲ್ಲಿ ನಾಳದ ಚರ್ಮ ಕಪ್ಪಾಗಿ ಸುಟ್ಟು, ತಮಟೆ ತೂತಾಗಬಹುದು, ಒಳಗಿನ ಎಲುಬುಗಳಿಗೂ ಪೆಟ್ಟು ಬೀಳಬಹುದು. ರಿಮೋಟು ಕೆಲಸ ಮಾಡುತ್ತಿಲ್ಲವೆಂದು ಬಿಚ್ಚಿ ಎಸೆದ ‘ಸತ್ತ’ ಸೆಲ್ಲಿನಲ್ಲಿಯೂ ಇಷ್ಟು ಮಾಡಲು ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಹೀಗಿರುವಾಗ ನೀರು, ಎಣ್ಣೆ, ಹನಿ ಔಷಧಿ ಏನನ್ನೂ ಹಾಕಬಾರದು. ತೇವ ಹೆಚ್ಚಿದಷ್ಟೂ ಸುಡುವುದು ಹೆಚ್ಚುತ್ತದೆ. ಮಧ್ಯರಾತ್ರಿಯಾದರೂ ಸರಿ, ಇ.ಎನ್.ಟಿ. ತಜ್ಞರಿರುವ ಆಸ್ಪತ್ರೆಗೆ ನೇರವಾಗಿ ಹೋಗಿ, ಬಾಗಿಲಲ್ಲೇ ‘ಬ್ಯಾಟರಿ ಇರಬಹುದು’ ಎಂದು ಹೇಳಬೇಕು. ಹೋದದ್ದು ಏನೆಂದು ಯಾರಿಗೂ ಗೊತ್ತಿಲ್ಲದೆ, ಮನೆಯಲ್ಲಿ ಸೆಲ್ಲೊಂದು ಕಾಣೆಯಾಗಿದ್ದರೆ ಅದನ್ನು ಬ್ಯಾಟರಿ ಎಂದೇ ಭಾವಿಸಿ ಎಕ್ಸ್-ರೇ ತೆಗೆಸುತ್ತೇವೆ.

ಕಾಳುಗಳ ಸಮಸ್ಯೆ ಬೇರೆ. ಹೆಸರುಕಾಳು, ಬಟಾಣಿ, ಕಡಲೆ ಕಿವಿಯಲ್ಲಿದ್ದಾಗ ನೀರು ಹಾಯಿಸಿದರೆ ಏನಾಗುತ್ತದೆ ಎಂಬುದನ್ನು ಕೋಸಂಬರಿಗೆ ಬೇಳೆ ನೆನೆಹಾಕುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಸಡಿಲವಾಗಿದ್ದ ಕಾಳು ಸಂಜೆಗೆ ನಾಳದ ತುಂಬ ಬಿಗಿದು ಕೂರುತ್ತದೆ, ನೋವು ಹೆಚ್ಚುತ್ತದೆ. ಅಂಥ ಮಗುವಿಗೆ ತಲೆಸ್ನಾನವನ್ನೂ ಮಾಡಿಸಬಾರದು.

ಎಣ್ಣೆಗೆ ನಾನು ಒಪ್ಪುವ ಸಂದರ್ಭ ಒಂದೇ, ಜೀವಂತ ಹುಳು ಹೊಕ್ಕಾಗ. ಮಲಗಿದ್ದ ಮಗು ನಡುರಾತ್ರಿ ಚೀರಿಕೊಂಡು ಎದ್ದು ಕಿವಿ ಹಿಡಿದುಕೊಂಡರೆ ಇರುವೆ, ಜಿರಲೆ ಅಥವಾ ಪತಂಗ ಒಳಗೆ ತಮಟೆಯ ಮೇಲೆ ಹರಿದಾಡುತ್ತಿರಬಹುದು. ಕಿವಿ ಸೋರುವ, ತಮಟೆಯಲ್ಲಿ ತೂತಿರುವ ಅಥವಾ ಕಿವಿಯ ಶಸ್ತ್ರಚಿಕಿತ್ಸೆಯಾಗಿರುವ ಮಗುವಲ್ಲದಿದ್ದರೆ, ಆ ಕಿವಿ ಮೇಲಾಗುವಂತೆ ಮಲಗಿಸಿ, ಬಿಸಿ ಮಾಡದ ಕೊಬ್ಬರಿ ಎಣ್ಣೆಯನ್ನು ಕೆಲವು ಹನಿ ಬಿಡಬಹುದು. ಹುಳು ಉಸಿರುಕಟ್ಟಿ ಸಾಯುತ್ತದೆ, ನೋವು ತಗ್ಗುತ್ತದೆ. ಸತ್ತ ಹುಳುವನ್ನು ತೆಗೆಯುವ ಕೆಲಸವನ್ನು ಮಾತ್ರ ಆಸ್ಪತ್ರೆಗೇ ಬಿಡಬೇಕು. ಮಲೆನಾಡಿನ ಕಡೆಯ ಮಕ್ಕಳ ಕಿವಿಯಲ್ಲಿ ಉಣುಗು ಕಚ್ಚಿ ಕೂತಿರುವುದೂ ಉಂಟು. ಅದು ಬಾಯಿಯಿಂದ ಚರ್ಮವನ್ನು ಹಿಡಿದುಕೊಂಡಿರುವುದರಿಂದ ಎಳೆದರೆ ತುಂಡಾಗಿ ಒಳಗೇ ಉಳಿಯಬಹುದು, ಸೂಕ್ಷ್ಮದರ್ಶಕದ ಕೆಳಗೇ ಬಿಡಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು. ಎಲ್ಲ ಉಣುಗುಗಳೂ ಅದನ್ನು ಹೊತ್ತಿರುವುದಿಲ್ಲವಾದರೂ, ಆ ಭಾಗದ ಮಗುವಿಗೆ ಉಣುಗು ತೆಗೆದ ಮೇಲಿನ ಒಂದೆರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಈ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಮನೆಯಿಂದ ಹೊರಡುವಾಗ ಮಾಡಬಹುದಾದದ್ದು ಕಡಿಮೆಯಾದರೂ ಅದರಿಂದ ನಮಗೆ ಬಹಳ ಉಪಕಾರವಾಗುತ್ತದೆ. ವಸ್ತುವಿರುವ ಕಿವಿ ಕೆಳಗಾಗುವಂತೆ ತಲೆ ವಾಲಿಸಿ ಮೆಲ್ಲಗೆ ಅಲುಗಿಸಿ ನೋಡಬಹುದು, ತಾನಾಗಿ ಬಿದ್ದರೆ ಬಿತ್ತು. ತಲೆಗೆ ತಟ್ಟುವುದು ಬೇಡ. ಅದೇ ಸರದ ಇನ್ನೊಂದು ಮಣಿಯನ್ನೋ ಅದೇ ಆಟಿಕೆಯನ್ನೋ ಜೊತೆಗೆ ತಂದರೆ ಯಾವ ಉಪಕರಣ ಬೇಕೆಂದು ನೋಡಿದ ಕೂಡಲೇ ತಿಳಿಯುತ್ತದೆ. ಸಮಾಧಾನಕ್ಕೆಂದು ದಾರಿಯಲ್ಲಿ ಬಿಸ್ಕತ್ತು, ಹಾಲು ಕೊಡುವುದನ್ನು ತಡೆಯಬೇಕು. ಅರಿವಳಿಕೆ ಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು; ಸಾಮಾನ್ಯವಾಗಿ ಗಟ್ಟಿ ಆಹಾರ ಮತ್ತು ಹಸುವಿನ ಹಾಲಿಗೆ 6 ಗಂಟೆ, ತಾಯಿಯ ಹಾಲಿಗೆ 4 ಗಂಟೆ ಕಾಯಬೇಕಾಗುತ್ತದೆ. ನಾನು ಹೇಳಿದ ಆ ಹುಡುಗಿ ಏಳೂವರೆಗೆ ಹಾಲು ಕುಡಿದಿದ್ದಳು. ಅವಳ ಸರದಿ ಮರುದಿನ ಬೆಳಿಗ್ಗೆಗೆ ಹೋದದ್ದಕ್ಕೆ ಅದೂ ಒಂದು ಕಾರಣ.

ಇನ್ನು, ಬೈಯುವ ವಿಷಯ. ಮಗು ಕಿವಿಗೆ ಏನಾದರೂ ಹಾಕಿಕೊಳ್ಳುವುದು ತುಂಟತನದಿಂದಲೇ ಎಂದು ತಿಳಿಯಬಾರದು. ಒಳಗೆ ತುರಿಕೆಯಿರಬಹುದು, ಕಿವಿ ಸೋರುತ್ತಿರಬಹುದು, ಅಥವಾ ದೊಡ್ಡವರು ದಿನವೂ ಬಡ್ಸ್, ಬೆಂಕಿಕಡ್ಡಿ, ಸ್ಕೂಟರಿನ ಕೀಲಿಕೈಯಿಂದ ಕಿವಿ ಕೆರೆದುಕೊಳ್ಳುವುದನ್ನು ನೋಡಿ ಅದೂ ಹಾಗೆಯೇ ಮಾಡಿರಬಹುದು. ತಾನಾಗಿ ಬಂದು ಹೇಳಿದ ಮಗುವಿಗೆ ಏಟು ಬಿದ್ದರೆ ಮುಂದಿನ ಸಲ ಅದು ಹೇಳುವುದಿಲ್ಲ. ಹಾಗೆ ಹೇಳದೆ ಉಳಿದ ಮಕ್ಕಳನ್ನು ನಾವು ತಿಂಗಳುಗಳ ನಂತರ ಕಿವಿಯಿಂದ ಕೆಟ್ಟ ವಾಸನೆಯ ಕೀವು ಸೋರುವಾಗಲೋ, ಶಾಲೆಯಲ್ಲಿ ಸರಿಯಾಗಿ ಕೇಳಿಸುತ್ತಿಲ್ಲವೆಂಬ ದೂರು ಬಂದಾಗಲೋ ನೋಡುತ್ತೇವೆ. ಒಂದು ಕಿವಿಗೆ ಹಾಕಿಕೊಂಡ ಮಗು ಮತ್ತೊಂದು ಕಿವಿಗೂ ಮೂಗಿನ ಹೊಳ್ಳೆಗಳಿಗೂ ಹಾಕಿಕೊಂಡಿರಬಹುದಾದ್ದರಿಂದ ಅವನ್ನೂ ನೋಡದೆ ಕಳುಹಿಸಬಾರದೆಂಬುದು ನಮ್ಮಲ್ಲಿ ಹಳೆಯ ನಿಯಮ.

ಆ ಹುಡುಗಿಗೆ ಬೆಳಿಗ್ಗೆ ಎಂಟಕ್ಕೆ ಅರಿವಳಿಕೆ ಕೊಟ್ಟೆವು. ರಕ್ತವನ್ನು ಸಕ್ಷನ್ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಕೊಕ್ಕೆಯನ್ನು ಮಣಿಯ ಹಿಂದಕ್ಕೆ ದಾಟಿಸಿ ಹೊರಗೆ ಉರುಳಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ನಾಳದ ಕೆಳಗೋಡೆಯ ಚರ್ಮ ಉದ್ದಕ್ಕೆ ಸುಲಿದಿತ್ತು. ತಮಟೆಯ ಕೆಳಭಾಗದಲ್ಲಿ ಸಣ್ಣದೊಂದು ಸೀಳಿತ್ತು. ಇಂಥ ಸೀಳುಗಳು ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ, ಅದೂ ಹಾಗೆಯೇ ಕೂಡಿಕೊಂಡಿತು. ನಿಯಮದಂತೆ ತಲೆಯನ್ನು ತಿರುಗಿಸಿ ಎಡಗಿವಿಯನ್ನು ನೋಡಿದಾಗ ಅಲ್ಲಿ ಅದೇ ಸರದ ಇನ್ನೊಂದು ಹಳದಿ ಮಣಿ ಕಿವಿಯ ಬಾಯಿಂದ ತುಸುವೇ ಒಳಗೆ ಕೂತಿತ್ತು, ಅದರ ಸುತ್ತಲಿನ ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ. ಕೊಕ್ಕೆ ತಾಗಿಸಿದೊಡನೆ ಅದು ಹೊರಬಂತು. ಬಲಗಿವಿಗೆ ಹನಿ ಔಷಧಿ, ಆರು ವಾರ ನೀರು ಸೋಕದಂತೆ ಎಚ್ಚರಿಕೆ, ಎರಡು ಮರುತಪಾಸಣೆ, ಕೊನೆಗೊಂದು ಶ್ರವಣ ಪರೀಕ್ಷೆ ಬರೆದುಕೊಟ್ಟೆ. ಎಡಗಿವಿಗೆ ಏನನ್ನೂ ಬರೆಯಬೇಕಾಗಿ ಬರಲಿಲ್ಲ.