ಗುಳೆಯ ಕಥೆ ಎಲ್ಲರದು, ಕೀಲಿಕೈ ಗೊಂಚಲು ಒಬ್ಬರದು

"ಐಡಿಯಾ ಅಷ್ಟೇ ತೊಗೊಂಡೀನ್ರಿ, ಕಥಿ ನಂದೇ ಅದ" ಎನ್ನುವವರೂ "ನನ್ನ ಕಥಿ ಪೂರಾ ಎತ್ಕೊಂಡಾರ್ರಿ ವಕೀಲ ಸಾಬ್" ಎನ್ನುವವರೂ ಕಲಬುರಗಿಯ ನನ್ನ ಕಚೇರಿಗೆ ಬರುತ್ತಾರೆ. ಇಬ್ಬರ ಕೈಯಲ್ಲೂ ಪತ್ರಿಕೆಯ ಪುಟ ಇರುತ್ತದೆ, ಸಾಲುಗಳ ಕೆಳಗೆ ಕೆಂಪು ಗೆರೆ ಇರುತ್ತದೆ. ಗೆರೆ ಎಳೆಯದ ಪ್ರತಿ ಕೊಡಿ, ಎರಡೂ ಕಥೆಗಳನ್ನು ಪೂರ್ತಿ ಕೊಡಿ ಎಂದು ನಾನು ಮೊದಲು ಕೇಳುತ್ತೇನೆ. ಗೆರೆ ಎಳೆದ ಸಾಲುಗಳನ್ನಷ್ಟೇ ಓದಿದರೆ ಯಾವ ಎರಡು ಕಥೆಗಳಾದರೂ ಅವಳಿಜವಳಿಯಂತೆ ಕಾಣುತ್ತವೆ.

ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆ 1957 ಕಾಪಾಡುವುದು ಬರೆದ ಕೃತಿಯನ್ನು, ಅದರ ಹಿಂದಿನ ವಿಚಾರವನ್ನಲ್ಲ. ಇದನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ದೆಹಲಿಯ ನಾಟಕಕಾರರೊಬ್ಬರು ಮದ್ರಾಸಿನ ಕುಟುಂಬ, ಪಂಜಾಬಿನ ಕುಟುಂಬಗಳ ಹುಡುಗ ಹುಡುಗಿಯ ಮದುವೆಗೆ ಪ್ರಾಂತಾಭಿಮಾನ ಅಡ್ಡಬರುವ ನಾಟಕ ಬರೆದಿದ್ದರು. ಅದನ್ನು ಒಬ್ಬ ಚಿತ್ರ ನಿರ್ದೇಶಕರಿಗೆ ಓದಿಯೂ ಹೇಳಿದ್ದರು. 1956ರಲ್ಲಿ ಆ ನಿರ್ದೇಶಕರ ಚಿತ್ರ ಬಂತು. ಅದರಲ್ಲೂ ಮದ್ರಾಸಿನ ಕುಟುಂಬ, ಪಂಜಾಬಿನ ಕುಟುಂಬ, ಪ್ರೀತಿ, ಜಗಳ. ನಾಟಕಕಾರರು ದಾವೆ ಹೂಡಿದರು. ಕೆಳಗಿನ ಕೋರ್ಟಿನಲ್ಲೂ ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ಸೋತರು. ವಿಚಾರ, ವಸ್ತು, ಕಥೆಯ ಎಳೆ, ಇತಿಹಾಸದ ಇಲ್ಲವೇ ಪುರಾಣದ ಸಂಗತಿ ಇವಕ್ಕೆ ಹಕ್ಕುಸ್ವಾಮ್ಯ ಇಲ್ಲ ಎಂದಿತು ನ್ಯಾಯಾಲಯ. ಮನೆ ಬಾಡಿಗೆಗೆ ಕೊಡುವಾಗಿನ ಭೇದ, ವರದಕ್ಷಿಣೆಯ ಕೇಡು ಮುಂತಾಗಿ ನಾಟಕದಲ್ಲಿ ಇಲ್ಲದ್ದನ್ನು ಚಿತ್ರ ಬೆಳೆಸಿದೆ ಎಂದೂ ಗುರುತಿಸಿತು.

ಈ ತೀರ್ಪನ್ನು ಅರ್ಧಕ್ಕೇ ಓದಿ ಧೈರ್ಯ ತಂದುಕೊಳ್ಳುವವರು ಬಹಳ ಮಂದಿ. ಅದೇ ತೀರ್ಪು ಇನ್ನೊಂದು ಅಳತೆಯನ್ನೂ ಕೊಟ್ಟಿದೆ. ಎರಡೂ ಕೃತಿಗಳನ್ನು ಓದಿದ ಅಥವಾ ನೋಡಿದ ಸಾಮಾನ್ಯ ವ್ಯಕ್ತಿಗೆ ಎರಡನೆಯದು ಮೊದಲನೆಯದರ ನಕಲು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಅನಿಸಿದರೆ ಅದು ಉಲ್ಲಂಘನೆಯೇ. ಅಲ್ಲೊಂದು ಇಲ್ಲೊಂದು ಬದಲಾವಣೆ ಮಾಡಿದ್ದು ರಕ್ಷಣೆಯಾಗುವುದಿಲ್ಲ. ಹಾಗಾದರೆ ಎಳೆ ಎಲ್ಲಿಗೆ ಮುಗಿದು ಕೃತಿ ಎಲ್ಲಿಂದ ಶುರುವಾಗುತ್ತದೆ? ಒಬ್ಬ ಕಥೆಗಾರ ಕಥೆ ಕಟ್ಟುವಾಗ ಮಾಡಿದ ಆಯ್ಕೆಗಳಲ್ಲಿ ಎಷ್ಟನ್ನು ಇನ್ನೊಬ್ಬ ತನ್ನದಾಗಿಸಿಕೊಂಡಿದ್ದಾನೆ ಎಂಬುದನ್ನೇ ನಾನು ಹುಡುಕುತ್ತೇನೆ.

ನಾನೇ ಕಟ್ಟಿಕೊಂಡ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ಎಲ್ಲರೂ ಬರೆಯುವ ವಸ್ತು ಗುಳೆ, ಅಂದರೆ ದುಡಿಯಲು ಊರು ಬಿಟ್ಟು ಹೋಗುವುದು. ಶಹಾಪುರದ ಹತ್ತಿರ ಒಂದು ತಾಂಡಾ. ದೀಪಾವಳಿ ಮುಗಿದ ಮೇಲೆ ಮನೆಗಳೆಲ್ಲ ಕೀಲಿ ಹಾಕಿಕೊಳ್ಳುತ್ತವೆ, ಜನ ಮುಂಬೈ ಬಸ್ ಹತ್ತುತ್ತಾರೆ. ಉಳಿದವಳು ಒಬ್ಬ ಮುದುಕಿ. ಹೋಗುವವರೆಲ್ಲ ತಮ್ಮ ಕೀಲಿಕೈ ಅವಳಿಗೆ ಕೊಡುತ್ತಾರೆ. ಅವಳು ಅವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು, ದಿನಾ ಬೆಳಗ್ಗೆ ಪ್ರತಿ ಮನೆಯ ಅಂಗಳಕ್ಕೂ ನೀರು ಹಾಕುತ್ತಾಳೆ. ಯುಗಾದಿಗೆ ಜನ ತಿರುಗಿ ಬಂದು ಒಂದೊಂದೇ ಕೀಲಿಕೈ ಬಿಡಿಸಿಕೊಳ್ಳುತ್ತಾರೆ. ಒಂದು ಮಾತ್ರ ದಾರದಲ್ಲೇ ಉಳಿಯುತ್ತದೆ. ಮುಂಬೈಯಲ್ಲಿ ಕಟ್ಟಡ ಕುಸಿದ ಸುದ್ದಿಯನ್ನು ಮುಕಾದಮ, ಅಂದರೆ ಜನರನ್ನು ಕೂಲಿಗೆ ಕರೆದೊಯ್ಯುವವನು, ತರುತ್ತಾನೆ. ಮರುದಿನ ಬೆಳಗ್ಗೆಯೂ ಮುದುಕಿ ಆ ಅಂಗಳಕ್ಕೆ ನೀರು ಹಾಕುತ್ತಾಳೆ.

ಈಗ ಎರಡನೆಯ ಕಥೆ. ಬೀದರಿನ ಔರಾದ ಕಡೆಯ ಹಳ್ಳಿ, ಮುದುಕಿಯ ಜಾಗದಲ್ಲಿ ಮುದುಕ, ಮುಂಬೈಯ ಜಾಗದಲ್ಲಿ ಹೈದರಾಬಾದ್. ಕೀಲಿಕೈಗಳು ಗೋಡೆಯ ಗೂಟಕ್ಕೆ ತೂಗುತ್ತವೆ. ನೀರು ಹಾಕುವ ಬದಲು ಅವನು ಸಂಜೆ ಪ್ರತಿ ಮನೆಯ ಮುಂದೆ ದೀಪ ಇಡುತ್ತಾನೆ. ಜನ ತಿರುಗಿ ಬರುತ್ತಾರೆ, ಒಂದು ಕೀಲಿಕೈ ಗೂಟದಲ್ಲೇ ಉಳಿಯುತ್ತದೆ, ಸಾವಿನ ಸುದ್ದಿ ಬರುತ್ತದೆ, ಮುದುಕ ಆ ಮನೆಯ ಮುಂದೂ ದೀಪ ಇಡುತ್ತಾನೆ. ಒಂದು ವಾಕ್ಯವೂ ಮೊದಲ ಕಥೆಯದಲ್ಲ. ಆದರೂ ಇದು ನಕಲು ಎಂದು ನಾನು ಹಿಂದೆ ಮುಂದೆ ನೋಡದೆ ಹೇಳುತ್ತೇನೆ. ಖಾಲಿ ಊರನ್ನು ಕೀಲಿಕೈಗಳ ಮೂಲಕ ತೋರಿಸುವುದು, ದಿನದ ಒಂದು ಪುಟ್ಟ ಸೇವೆಯಿಂದ ಕಾಯುವಿಕೆಯನ್ನು ಕಟ್ಟುವುದು, ಸಾವನ್ನು ಒಂದು ಉಳಿದ ಕೀಲಿಕೈಯಿಂದ ತಿಳಿಸುವುದು, ಸುದ್ದಿಯ ನಂತರವೂ ಅದೇ ಸೇವೆಯಿಂದ ಕಥೆ ಮುಗಿಸುವುದು: ಇವು ಮೊದಲ ಕಥೆಗಾರ್ತಿಯ ಆಯ್ಕೆಗಳು. ಅವೂ ಅವುಗಳ ಕ್ರಮವೂ ಇಡಿಯಾಗಿ ಬಂದಿವೆ. ಬದಲಾದದ್ದು ಊರು, ಲಿಂಗ, ಸಾಮಾನು.

ಮೂರನೆಯವರೊಬ್ಬರು ಅದೇ ಮೊದಲ ಕಥೆ ಓದಿ, ಕೀಲಿಕೈ ಕೊಡಲು ಒಪ್ಪದ ಒಬ್ಬ ಹುಡುಗಿಯ ಬಗ್ಗೆ ಬರೆಯುತ್ತಾರೆ ಎಂದುಕೊಳ್ಳಿ. ಅವಳು ಅದನ್ನು ಮುಂಬೈಗೆ ಒಯ್ಯುತ್ತಾಳೆ. ಅಲ್ಲಿ ಇನ್ನೂ ಬಾಗಿಲು ಕೂರಿಸದ ಕಟ್ಟಡದಲ್ಲಿ ಮಲಗುವ ಆ ಮಗು, ಕೈಯಲ್ಲಿ ಕೀಲಿಕೈ ಇರುವುದರಿಂದ ತನಗೊಂದು ಬಾಗಿಲಿದೆ ಎಂದು ಉಳಿದ ಮಕ್ಕಳೊಂದಿಗೆ ವಾದಿಸುತ್ತದೆ. ಕೀಲಿಕೈ ಎಲ್ಲಿಂದ ಬಂತು ಎಂದು ಓದುಗನಿಗೆ ಗೊತ್ತಾಗಬಹುದು. ಆದರೂ ಈ ಕಥೆ ಅವರದೇ. ತಕ್ಕೊಂಡ ವಸ್ತುವಿನಿಂದ ಅವರು ಬೇರೆ ಕೆಲಸ ಮಾಡಿಸಿದ್ದಾರೆ, ಬೇರೆ ಪ್ರಶ್ನೆ ಕೇಳಿದ್ದಾರೆ. ಇದನ್ನು ಪ್ರೇರಣೆ ಎನ್ನಲು ನನಗೆ ಸಂತೋಷ.

ಮುಂಗಡ ಕೊಡುವ ಮುಕಾದಮ, ರಾತ್ರಿ ಬಸ್ಸು, ಅರ್ಧಕ್ಕೆ ಬಿಟ್ಟ ಶಾಲೆ, ತೊಗರಿ ಹೊಲದ ಸಾಲ ಇವು ಗುಳೆಯ ಯಾವ ಕಥೆಯಲ್ಲಾದರೂ ಬಂದೇ ಬರುತ್ತವೆ. ಇವುಗಳ ಹೋಲಿಕೆ ಹಿಡಿದು ಯಾರನ್ನೂ ಕಳ್ಳರೆನ್ನಲಾಗದು. ಈ ನೆಲದಲ್ಲಿ ಬದುಕಿದ ಇಬ್ಬರು ಒಬ್ಬರನ್ನೊಬ್ಬರು ಓದದೆಯೇ ಒಂದೇ ಥರ ಬರೆಯುವುದೂ ಉಂಟು. ಓದಿಯೇ ಇಲ್ಲದವರು ಸ್ವತಂತ್ರವಾಗಿ ಬರೆದದ್ದು ಎಷ್ಟು ಹೋಲಿದರೂ ಉಲ್ಲಂಘನೆಯಲ್ಲ. ಆದ್ದರಿಂದ ಮೊದಲ ಕಥೆ ಎರಡನೆಯವರ ಕಣ್ಣಿಗೆ ಬೀಳುವ ಅವಕಾಶ ಇತ್ತೇ ಎಂದು ನೋಡಲೇಬೇಕು. ಇಬ್ಬರೂ ಒಂದೇ ಕಮ್ಮಟದಲ್ಲಿ ಕೂತಿದ್ದರೇ? ಒಬ್ಬರು ಸ್ಪರ್ಧೆಗೆ ಕಳಿಸಿದ ಕಥೆಯನ್ನು ಇನ್ನೊಬ್ಬರು ತೀರ್ಪುಗಾರರಾಗಿ ಓದಿದ್ದರೇ?

ಇಬ್ಬರೂ ಒಂದೇ ಹಳೆಯ ಮೂಲದಿಂದ ತೆಗೆದಿದ್ದರೆ ಲೆಕ್ಕ ಬೇರೆ. ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಬಗ್ಗೆ ಜನ ಹೇಳುವ ಪವಾಡಗಳು, ಶರಣರ ವಚನಗಳು, ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಅಜ್ಜಿ ಹೇಳಿದ ಕಥೆಗಳು ಯಾರ ಸ್ವತ್ತೂ ಅಲ್ಲ. ಅಂಥ ಪ್ರಕರಣದಲ್ಲಿ ಮೂಲದಲ್ಲಿ ಇದ್ದದ್ದನ್ನು ಎರಡೂ ಕಡೆಯಿಂದ ಕಳೆದುಬಿಡುತ್ತೇನೆ. ಉಳಿದದ್ದು ಮೊದಲ ಲೇಖಕರು ಸ್ವಂತವಾಗಿ ಸೇರಿಸಿದ್ದು: ಒಂದು ಹೊಸ ಪಾತ್ರ, ಜಾನಪದದಲ್ಲಿ ಇಲ್ಲದ ಒಂದು ಜಗಳ, ತಪ್ಪಾಗಿ ಬರೆದ ಒಂದು ಊರ ಹೆಸರು. ಆ ತಪ್ಪು ಎರಡನೆಯ ಕಥೆಯಲ್ಲೂ ಹಾಗೇ ಇದ್ದರೆ ವಾದ ಮಾಡುವುದು ಹೆಚ್ಚೇನೂ ಉಳಿಯುವುದಿಲ್ಲ. ಹಳೆಯ ಕೃತಿ ಮುಕ್ತವಾಗಿದ್ದರೂ ಅದರ ಮೇಲೆ ಇಂದಿನವರು ಬರೆದ ವ್ಯಾಖ್ಯಾನಕ್ಕೂ ಅನುವಾದಕ್ಕೂ ಅವರವರ ಹಕ್ಕು ಇದೆ ಎನ್ನುವುದನ್ನು ಮರೆಯಬಾರದು. ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೂ ಆ ಹಕ್ಕು ಉಳಿಯುತ್ತದೆ.

ಹೊರಗಿನಿಂದ ತಂದು ಸ್ವಂತವಾಗಿಸಿಕೊಳ್ಳುವುದರಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಪರಂಪರೆಯೇ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಇಂದಿನ ಸೇಡಂ ತಾಲೂಕಿನ ಮಳಖೇಡದ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದರ ಎಷ್ಟೋ ಪದ್ಯಗಳು ಸಂಸ್ಕೃತದ ದಂಡಿಯ ಕಾವ್ಯಾದರ್ಶದಿಂದ ಬಂದವು. ಕೆಲವು ನೇರ ಅನುವಾದ, ಕೆಲವು ತಿದ್ದಿ ಒಗ್ಗಿಸಿಕೊಂಡವು. ಆದರೆ ಕಾವೇರಿಯಿಂದ ಗೋದಾವರಿವರೆಗಿನ ನಾಡು, ಆ ನಾಡಿನ ಜನರ ನುಡಿಯ ಜಾಣ್ಮೆ, ಹಿಂದಿನ ಕನ್ನಡ ಕವಿಗಳ ಹೆಸರುಗಳು ದಂಡಿಯಲ್ಲಿ ಎಲ್ಲಿಂದ ಬರಬೇಕು? ಸಾವಿರಕ್ಕೂ ಹೆಚ್ಚು ವರ್ಷ ನಾವು ಆ ಪುಸ್ತಕವನ್ನು ಹಿಡಿದುಕೊಂಡಿರುವುದು ಅದರಲ್ಲಿ ಕನ್ನಡದ್ದೇ ಆದದ್ದಕ್ಕಾಗಿ.

ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯಮೀಮಾಂಸೆಯ ತನ್ನ ಸಂಸ್ಕೃತ ಗ್ರಂಥ ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ ಕವಿಗಳ ನಡುವಿನ ಹೋಲಿಕೆಯನ್ನು ಮೂರಾಗಿ ವಿಂಗಡಿಸಿದ. ಕನ್ನಡಿಯ ಬಿಂಬದಂಥ ಹೋಲಿಕೆ, ಬರೆದ ಚಿತ್ರದಂಥ ಹೋಲಿಕೆ, ಇಬ್ಬರು ಮನುಷ್ಯರ ಮುಖ ಒಂದೇ ಥರ ಇರುವಂಥ ಹೋಲಿಕೆ. ಬಿಂಬಕ್ಕೆ ತನ್ನದೇ ಜೀವವಿಲ್ಲ, ಚಿತ್ರದ ಜೀವ ಅಲ್ಪ, ಮೂರನೆಯದಕ್ಕೆ ಸ್ವಂತ ಜೀವ ಇದೆ. ಮೊದಲ ಎರಡನ್ನು ಕವಿ ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎಂದ. ಔರಾದ ಕಡೆಯ ಮುದುಕನ ಕಥೆ ಎರಡನೆಯ ಬಗೆಯದು. ಮುಂಬೈಯ ಹುಡುಗಿಯದು ಮೂರನೆಯದು. 1978ರ ತೀರ್ಪನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ನಮ್ಮ ಕಡೆ ನಿಜವಾದ ತೊಂದರೆ ಇರುವುದು ಭಾಷೆಗಳ ನಡುವೆ. ಬೀದರಿನ ಓದುಗ ಕನ್ನಡ, ಮರಾಠಿ, ಉರ್ದು ಮೂರನ್ನೂ ಓದಬಲ್ಲ. ಯಾದಗಿರಿಯ ಗುರುಮಠಕಲ್ ಕಡೆ ತೆಲುಗು ಮನೆಮಾತಿನಷ್ಟೇ ಹತ್ತಿರ. ಇದು ನಮ್ಮ ದೊಡ್ಡ ಸಂಪತ್ತು. ಆದರೆ ಒಂದು ಮರಾಠಿ ಕಥೆಯನ್ನು ಕನ್ನಡಕ್ಕೆ ತಂದು, ಪಾತ್ರಗಳಿಗೆ ನಮ್ಮ ಹೆಸರಿಟ್ಟು, ಕೆಳಗೆ ತಮ್ಮ ಹೆಸರು ಹಾಕುವುದನ್ನು ಪ್ರೇರಣೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಕಾಯ್ದೆಯ 14ನೇ ಕಲಂ ಪ್ರಕಾರ ಅನುವಾದದ ಹಕ್ಕು, ರೂಪಾಂತರದ ಹಕ್ಕು ಎರಡೂ ಮೂಲ ಲೇಖಕರದೇ. ಭಾಷೆ ಬದಲಾದ ಮಾತ್ರಕ್ಕೆ ಕಥೆ ಕೈ ಬದಲಾಯಿಸುವುದಿಲ್ಲ. ಮಹಾರಾಷ್ಟ್ರದ ಉದಗೀರಿನ ಲೇಖಕ ಕನ್ನಡ ಓದುವುದಿಲ್ಲ, ಕಲಬುರಗಿಯ ಸಂಪಾದಕರು ಮರಾಠಿ ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ನಡೆಯುವ ಕೆಲಸ ಇದು. ತನ್ನ ಕಥೆ ಗಡಿಯಾಚೆ ಬಹುಮಾನ ಪಡೆದದ್ದು ಮೂಲ ಲೇಖಕನಿಗೆ ಗೊತ್ತೇ ಆಗುವುದಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಇತ್ತೀಚೆಗೆ ಇದಕ್ಕೆ ಎಐ ಸೇರಿದೆ. ಬೇರೆಯವರ ಕಥೆ ಹಾಕಿ "ಸ್ವಲ್ಪ ಬದಲಿಸಿ ಕೊಡು" ಎಂದರೆ ಅದು ಪದಗಳನ್ನು ಬದಲಿಸಿ ಕಥೆಯ ಕಟ್ಟನ್ನು ಹಾಗೇ ಬಿಡುವುದೇ ಹೆಚ್ಚು. ಮೇಲೆ ಹೇಳಿದ ಎರಡನೆಯ ಕಥೆ ಅಲ್ಲಿ ಒಂದು ನಿಮಿಷದಲ್ಲಿ ತಯಾರಾಗುತ್ತದೆ.

ಹೆಸರು ಬೇರೆ, ಅನುಮತಿ ಬೇರೆ. ಕೊನೆಯಲ್ಲಿ "ಆಧಾರ: ಒಂದು ಮರಾಠಿ ಕಥೆ" ಎಂದು ಹಾಕಿಬಿಟ್ಟರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಹೆಸರು ಹೇಳಿದರೆ ಅನುಮತಿ ಸಿಕ್ಕಂತಲ್ಲ. ಹಾಗೆಯೇ ದುಡ್ಡು ಕೊಟ್ಟು ಹಕ್ಕು ಕೊಂಡವರೂ ಲೇಖಕರ ಹೆಸರು ಅಳಿಸುವಂತಿಲ್ಲ. ಹಕ್ಕನ್ನೆಲ್ಲ ಮಾರಿದ ಮೇಲೂ ತನ್ನ ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಂ ಲೇಖಕರ ಕೈಯಲ್ಲೇ ಉಳಿಸಿದೆ. "ಕೃಪೆ: ವಾಟ್ಸಾಪ್" ಎಂದು ಹಾಕುವವರು ಇವೆರಡನ್ನೂ ಒಟ್ಟಿಗೆ ಮೀರುತ್ತಾರೆ.

ಕಥೆ ಕಳೆದುಕೊಂಡವರಿಗೆ ಮೊದಲ ಮಾತು: ಗುಂಪುಗಳಲ್ಲಿ ಕಳ್ಳ ಎಂದು ಬರೆಯುವ ಮುಂಚೆ ದಾಖಲೆ ಕೂಡಿಸಿ. ಆರೋಪ ನಿಲ್ಲದಿದ್ದರೆ ಮಾನಹಾನಿಯ ಮೊಕದ್ದಮೆ ನಿಮ್ಮ ಮೇಲೇ ಬರಬಹುದು. ಕಥೆ ಮೊದಲು ಅಚ್ಚಾದ ಸಂಚಿಕೆ, ಸಂಪಾದಕರಿಗೆ ಕಳಿಸಿದ ಇಮೇಲ್, ಕೈಬರಹದ ಕರಡು, ತಿದ್ದಿದ ಪ್ರತಿಗಳು ಎಲ್ಲವೂ ಸಾಕ್ಷಿ. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದಲೇ ಹಕ್ಕು ಇರುತ್ತದೆ. ಆದರೆ ದೆಹಲಿಯ ಹಕ್ಕುಸ್ವಾಮ್ಯ ಕಚೇರಿಯಲ್ಲಿ ಒಂದು ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿದರೆ ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಂದರೆ ಎದುರಿನವರು ಸುಳ್ಳೆಂದು ತೋರಿಸುವವರೆಗೆ ನಿಲ್ಲುತ್ತದೆ, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ದಾವೆಗೆ ಬೆಂಗಳೂರಿಗೇ ಹೋಗಬೇಕು ಎಂಬ ಅಂಜಿಕೆಯೂ ಬೇಡ. 62ನೇ ಕಲಂ ಲೇಖಕರಿಗೆ ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡುವ ಅವಕಾಶ ಕೊಡುತ್ತದೆ. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 63ನೇ ಕಲಂ ಅಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ. ಆದರೂ ಕಥೆಗಾರರ ನಡುವಿನ ಜಗಳಕ್ಕೆ ನಾನು ಮೊದಲು ಬರೆಯುವುದು ನೋಟಿಸು. ಹೆಚ್ಚಿನವರಿಗೆ ಬೇಕಾಗಿರುವುದು ಹಣವಲ್ಲ. ಮುಂದಿನ ಸಂಚಿಕೆಯಲ್ಲಿ ತಮ್ಮ ಹೆಸರು ಬರಬೇಕು, ಅಷ್ಟೇ.

ಇನ್ನೊಂದು ಭಾಷೆಯ ಕಥೆ ಮನಸ್ಸಿಗೆ ನಾಟಿದರೆ ಒಂದು ಪತ್ರ ಬರೆಯಿರಿ. ಲೇಖಕರ ವಿಳಾಸ ಸಿಗದಿದ್ದರೆ ಪ್ರಕಾಶಕರಿಗೆ ಬರೆಯಿರಿ, ಲೇಖಕರು ತೀರಿಕೊಂಡಿದ್ದರೆ ವಾರಸುದಾರರಿಗೆ. ಯಾವ ಕಥೆ, ಯಾವ ಭಾಷೆಗೆ, ಪತ್ರಿಕೆಗೋ ಪುಸ್ತಕಕ್ಕೋ, ನಾಟಕ ಮಾಡುವ ಇರಾದೆ ಇದೆಯೋ ಇಲ್ಲವೋ, ಸಂಭಾವನೆ ಎಷ್ಟು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಲಿ. ಬಾಯಿಮಾತಿನ ಒಪ್ಪಿಗೆ ಸಾಕೆನ್ನಬೇಡಿ, ಸಹಿ ಮಾಡಿದ ಉತ್ತರ ತರಿಸಿಕೊಳ್ಳಿ. ಹಾಗೆ ಬರೆದವರಿಗೆ ಆಚೆಯಿಂದ ಖುಷಿಯ ಉತ್ತರ ಬಂದದ್ದನ್ನೂ, "ನಿಮ್ಮ ಕಥೆಗಳನ್ನೂ ಕಳಿಸಿ, ಮರಾಠಿಗೆ ತರುತ್ತೇವೆ" ಎಂದು ಕೇಳಿದ್ದನ್ನೂ ನಾನು ಕಂಡಿದ್ದೇನೆ.